ಕೈಗಡಿಯಾರದ ಊಟದ ಹೊತ್ತು



ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ಎಚ್.ಎಂ.ಟಿ. ಕೈಗಡಿಯಾರವಿದೆ. 1961ರಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ, ಈ ಗಡಿಯಾರಗಳ ತಯಾರಿಕೆ ಆರಂಭವಾದದ್ದು ತಮ್ಮಲ್ಲಿ ಹಿರಿಯರಾದವರಿಗೆ ನೆನಪಿದ್ದೀತು. ತಂದೆಯವರು ದಿನವೂ ಬೆಳಗ್ಗೆ ಸ್ನಾನ ಮುಗಿಸಿ, ಕಾಫಿಗೆ ಕೂಡುವ ಮುನ್ನ, ಆ ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ತಿರುಪು ಬಿಗಿಯಾಯಿತೆಂದು ಬೆರಳಿಗೆ ತಿಳಿದ ಕೂಡಲೆ ನಿಲ್ಲಿಸಿಬಿಡುವರು. ಮಕ್ಕಳಾದ ನಾವು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಗಡಿಯಾರಕ್ಕೆ ಆಹಾರವೆಂಬುದೊಂದಿದ್ದರೆ ಅದು ಆ ಹತ್ತಿಪ್ಪತ್ತು ಸುತ್ತುಗಳಷ್ಟೆ. ಅದನ್ನು ಕೊಡುವ ಹೊತ್ತೂ ಕ್ಲುಪ್ತವಾಗಿತ್ತು, ಪ್ರಮಾಣವೂ ಕ್ಲುಪ್ತವಾಗಿತ್ತು.

ಗಡಿಯಾರವೆಂಬ ಮಾತು ನಮಗೆ ಬಂದದ್ದು ಘಟಿಕಾ ಎಂಬ ಸಂಸ್ಕೃತ ಪದದ ಜಾಡಿನಲ್ಲಿ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವಷ್ಟು ಕಾಲವನ್ನು ಒಂದು ಗಳಿಗೆ, ಎಂದರೆ ಈಗಿನ 24 ನಿಮಿಷ, ಎಂದು ಹಿಂದಿನವರು ಎಣಿಸುತ್ತಿದ್ದರು. ಅಲ್ಲಿ ಬಟ್ಟಲು ತುಂಬಿದರೆ ಹೊತ್ತು ಮುಗಿಯಿತು. ಈಗ ನಮ್ಮ ಕೈಯಲ್ಲಿರುವುದರಲ್ಲಿ ಬಟ್ಟಲು ಬರಿದಾದರೆ ಹೊತ್ತು ಮುಗಿಯಿತು. ಪಂಡಿತನ ಚಪಲ, ಶ್ರೋತೃಗಳು ಮನ್ನಿಸಬೇಕು. ಇಂದು ನಾನು ಮಾತನಾಡಬೇಕಾದದ್ದು ಈ ಎರಡನೆಯ ಬಗೆಯ ಗಡಿಯಾರವನ್ನು ಕುರಿತು. ಇದನ್ನು ಜಾಣಗಡಿಯಾರವೆಂದು ಕೆಲವರು ಕನ್ನಡಿಸಿದ್ದುಂಟು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲವಾದ್ದರಿಂದ, ನಾನೂ ಅವರಂತೆಯೇ ಸ್ಮಾರ್ಟ್‌ವಾಚ್ ಎನ್ನುತ್ತೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ನನ್ನ ಅಕ್ಕನಿಂದ. ಅಕ್ಕನಿಗೆ ಎಪ್ಪತ್ತು ದಾಟಿದೆ. ತಿಪಟೂರಿನಲ್ಲಿ ಒಬ್ಬಳೇ ಇದ್ದಾಳೆ; ಊರು ಬಿಟ್ಟು ಬರಲೊಲ್ಲಳು. ಪರಸ್ಥಳದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ತಾಯಿಗೆಂದು ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟ. ಕಟ್ಟಿಕೊಂಡವರು ಆಯತಪ್ಪಿ ಬಿದ್ದು ಏಳದೆ ಹೋದರೆ, ಹತ್ತಿರದಲ್ಲಿರುವ ಫೋನಿನ ಮೂಲಕ ಮಗನಿಗೆ ತಾನೇ ಸುದ್ದಿ ಮುಟ್ಟಿಸುವ ಏರ್ಪಾಟು ಅದರಲ್ಲಿತ್ತು. ಮೊದಲ ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಬೆಳಗ್ಗೆ ತುಂಬಿಸಿದರೆ ಮರುದಿನ ಬೆಳಗಿನವರೆಗೂ ಬರುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಸಂಜೆ ದೀಪ ಹಚ್ಚುವ ಹೊತ್ತಿಗೇ ಅದು ಕಣ್ಣು ಮುಚ್ಚತೊಡಗಿತು. ಅಕ್ಕ ಒಂದು ಉಪಾಯ ಹೂಡಿದಳು. ರಾತ್ರಿ ಮಲಗುವಾಗ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕುವುದು, ಬೆಳಗ್ಗೆ ಎದ್ದು ಕಟ್ಟಿಕೊಳ್ಳುವುದು. ಫೋನಿಗೆ ನಾವೆಲ್ಲ ಮಾಡುವುದೂ ಅದನ್ನೇ ತಾನೆ? ಒಂದು ದಿನ ನಸುಕಿನಲ್ಲಿ ನಾಲ್ಕು ಗಂಟೆಗೆ ಬಚ್ಚಲಮನೆಯಲ್ಲಿ ಕಾಲು ಜಾರಿ ಬಿದ್ದಳು. ಆರು ಗಂಟೆಗೆ ಹಾಲಿನವಳು ಬಂದು ಕೂಗುವವರೆಗೆ ಹಾಗೆಯೇ ಬಿದ್ದಿದ್ದಳು. ಸೊಂಟಕ್ಕೆ ಏನೂ ಆಗಲಿಲ್ಲ, ಪುಣ್ಯ. ಮಣಿಕಟ್ಟಿನ ಮೂಳೆ ಮುರಿದಿತ್ತು. ನಾನು ಹೋಗಿ ನೋಡಿದಾಗ ಗಡಿಯಾರ ಕಿಟಕಿಯಲ್ಲಿ ನೂರಕ್ಕೆ ನೂರು ತುಂಬಿಕೊಂಡು ಹಸಿರು ಗುರುತು ತೋರುತ್ತ ಕುಳಿತಿತ್ತು.

ಅದನ್ನು ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ತಿರುಗಿಸಿ ಕೂಡ ನೋಡದೆ, "ಹಳೇದಾಯ್ತು ಸಾರ್, ಹೊಸದು ತಗೊಂಡ್ಬಿಡಿ" ಎಂದ. ಎರಡು ವರ್ಷಕ್ಕೆ ಹಳೆಯದಾಗುವ ವಸ್ತು ಎಂತಹದು? ನನಗೆ ಸಮಾಧಾನವಾಗಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಹಿಡಿದು ಕುಳಿತೆ. ಅವರು ಹೇಳಿಕೊಟ್ಟದ್ದನ್ನು, ಆಮೇಲೆ ನಾನೇ ಓದಿಕೊಂಡದ್ದನ್ನು, ತಮ್ಮ ಮುಂದೆ ಇಡುತ್ತೇನೆ.

ಈ ಗಡಿಯಾರಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದಕ್ಕೆ ಆಧಾರವಾದ ಸಂಶೋಧನೆಗಾಗಿ ಗುಡ್ಎನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಗುಡ್ಎನಫ್ ಅವರಿಗೆ ಆಗ 97 ವರ್ಷ! ಬ್ಯಾಟರಿಯ ಒಳಗೆ ಎರಡು ಬೀಡುಗಳಿವೆಯೆಂದು ತಿಳಿಯಿರಿ. ಒಂದು ಲೋಹದ ಆಕ್ಸೈಡಿನದು. ಇನ್ನೊಂದು ಗ್ರಾಫೈಟಿನದು, ಎಂದರೆ ಮಕ್ಕಳ ಪೆನ್ಸಿಲಿನ ಕಡ್ಡಿಯಲ್ಲಿರುವ ವಸ್ತುವಿನದು. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನಲ್ಲಿ ಹೋಗಿ ಸೇರುತ್ತವೆ. ಬಳಸುವಾಗ ಮರಳಿ ಬರುತ್ತವೆ. ಈ ಹೋಗಿಬರುವ ಪ್ರಯಾಣವೇ ಅದರ ಜೀವ. ಆದರೆ ಪ್ರಯಾಣದಲ್ಲಿ ಸ್ವಲ್ಪ ಸ್ವಲ್ಪ ಲಿಥಿಯಂ ಗ್ರಾಫೈಟಿನ ಮೇಲೆ ಒಂದು ತೆಳುವಾದ ಪೊರೆಯಾಗಿ ಕಟ್ಟಿಕೊಂಡು ಅಲ್ಲಿಯೇ ಉಳಿದುಬಿಡುತ್ತದೆ. ಅದು ಮತ್ತೆ ಕೆಲಸಕ್ಕೆ ಬಾರದು.

ಬೋರ್‌ವೆಲ್ ನೀರು ಕಾಯಿಸುವ ಸ್ನಾನದ ಹಂಡೆಯನ್ನು ತಾವು ನೋಡಿದ್ದೀರಿ. ವರ್ಷ ಕಳೆದಂತೆ ಒಳಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಹೊರಗಿನಿಂದ ಹಂಡೆ ಅದೇ. ಕಂಠದವರೆಗೆ ತುಂಬಿದರೂ ಮೊದಲಿನಷ್ಟು ನೀರು ಹಿಡಿಯದು. ಬ್ಯಾಟರಿಯ ಕಥೆಯೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಗಡಿಯಾರದ ಮುಖದ ಮೇಲೆ ಕಾಣುವ ನೂರು ಎಂಬ ಅಂಕಿಯನ್ನು ನಂಬಿ ಮೋಸಹೋಗಬಾರದು. ಅದು ಹಂಡೆ ಈಗ ಹಿಡಿಯುವಷ್ಟರಲ್ಲಿ ನೂರೇ ಹೊರತು, ಕೊಂಡ ದಿನ ಹಿಡಿಯುತ್ತಿದ್ದುದರಲ್ಲಿ ನೂರಲ್ಲ. ಮೊದಲನೆಯದು ಹೊಟ್ಟೆ ತುಂಬಿದೆಯೆ ಎಂಬ ಪ್ರಶ್ನೆ, ಎರಡನೆಯದು ದೇಹ ಗಟ್ಟಿಯಾಗಿದೆಯೆ ಎಂಬ ಪ್ರಶ್ನೆ. ಈ ಎರಡನೆಯದನ್ನೇ ಬ್ಯಾಟರಿಯ ಆರೋಗ್ಯ ಎನ್ನುವುದು. ಕೆಲವು ಗಡಿಯಾರಗಳು ಸೆಟ್ಟಿಂಗ್ಸ್‌ನಲ್ಲಿ ಇದನ್ನು ಅಂಕಿಯಾಗಿ ತೋರಿಸುತ್ತವೆ. ತೋರಿಸದಿರುವುವೂ ಬಹಳ ಇವೆ. ಆಗ ತುಂಬಿಸಿದ ಮೇಲೆ ಎಷ್ಟು ಗಂಟೆ ಬಂದಿತೆಂದು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಆಪಲ್ ಕಂಪನಿ ತನ್ನ ಗಡಿಯಾರದ ಬ್ಯಾಟರಿ 1000 ಪೂರ್ಣ ಆವರ್ತನೆಗಳ ಬಳಿಕವೂ ಮೂಲ ಶಕ್ತಿಯ ನೂರಕ್ಕೆ 80ರಷ್ಟನ್ನು ಉಳಿಸಿಕೊಳ್ಳುವಂತೆ ರಚಿತವಾಗಿದೆಯೆಂದು ಹೇಳುತ್ತದೆ. ಆವರ್ತನೆಯೆಂದರೆ ಒಂದು ಸಲ ಚಾರ್ಜಿಗೆ ಹಾಕುವುದೆಂದು ಅರ್ಥವಲ್ಲ. ಇಂದು ಅರ್ಧ, ನಾಳೆ ಅರ್ಧ ಬಳಸಿ ಮತ್ತೆ ತುಂಬಿದರೆ ಎರಡೂ ಸೇರಿ ಒಂದು ಆವರ್ತನೆ. ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತುಂಬಿಸಿದರೆ ಆಯುಸ್ಸು ಅರ್ಧವಾಗುತ್ತದೆಂಬ ಭಯ ಬೇಡ. ಪೂರಾ ಬರಿದುಮಾಡಿ ಆಮೇಲೆಯೇ ತುಂಬಿಸಬೇಕೆಂಬ ಮಾತೂ ಇದೆಯಷ್ಟೆ. ಅದು ಹಿಂದಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಬರಿದಾಗುವುದೇ ಕಷ್ಟ. ಪೂರ್ತಿ ಬರಿದಾದ ಗಡಿಯಾರವನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಮತ್ತೆ ಏಳದೆಯೇ ಹೋಗಬಹುದು. ಬಹಳ ದಿನ ಇಡಬೇಕಾದರೆ ಅರ್ಧ ತುಂಬಿಸಿ, ಆರಿಸಿ, ತಂಪಾದ ಕಡೆ ಇಡತಕ್ಕದ್ದು.

ಈಗ ಅಕ್ಕನ ಕಿಟಕಿಗೆ ಬರೋಣ. ತುಂಬಿದ ಮೇಲೆ ಗಡಿಯಾರ ತಾನೇ ವಿದ್ಯುತ್ತನ್ನು ನಿಲ್ಲಿಸುತ್ತದೆ, ನಿಜ. ಆದರೆ ತುಂಬಿದ ಸ್ಥಿತಿಯಲ್ಲಿ ಒಳಗಿನ ವೋಲ್ಟೇಜು ತುತ್ತತುದಿಯಲ್ಲಿರುತ್ತದೆ. ಆ ಪೊರೆಯನ್ನು ಬೆಳೆಸುವ ಕ್ರಿಯೆಗಳಿಗೆ ಅದೇ ಅನುಕೂಲ ಕಾಲ. ಅದರ ಜೊತೆಗೆ ಶಾಖ ಸೇರಿದರೆ ಕೇಳುವಂತೆಯೇ ಇಲ್ಲ. ಅಕ್ಕನ ಕಿಟಕಿ ಪೂರ್ವಕ್ಕೆ. ಆರೂವರೆಗೆ ಎಳೆಬಿಸಿಲು ಬಿದ್ದರೆ, ಅವಳು ಪೂಜೆ ಮುಗಿಸಿ ಎಂಟು ಗಂಟೆಗೆ ಅದನ್ನು ಕಟ್ಟಿಕೊಳ್ಳುವವರೆಗೂ ಗಡಿಯಾರ ಹೊಟ್ಟೆ ಬಿರಿಯ ತುಂಬಿಕೊಂಡು ಬಿಸಿಲು ಕಾಯಿಸುತ್ತಿತ್ತು. ತಂತಿಯಿಲ್ಲದೆ ಬಿಲ್ಲೆಯ ಮೇಲಿಟ್ಟು ತುಂಬಿಸುವ ವಿಧಾನದಲ್ಲಿ ಸಹಜವಾಗಿಯೇ ಸ್ವಲ್ಪ ಬಿಸಿ ಹುಟ್ಟುತ್ತದೆ, ಅದು ಬೇರೆ. ಬಳಸುವಾಗ ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರಬಾರದೆಂದು ಆಪಲ್ ತನ್ನ ಗಡಿಯಾರಕ್ಕೆ ಹೇಳಿದೆ. ರಾಯಚೂರು, ಕಲಬುರಗಿಗಳ ಶ್ರೋತೃಗಳು ಇದನ್ನು ಕೇಳಿ ನಗಬಹುದು! ಊರನ್ನು ತಣ್ಣಗೆ ಮಾಡಲು ನಮ್ಮಿಂದಾಗದು. ಗಡಿಯಾರವನ್ನು ದಿಂಬಿನಡಿ, ಫ್ರಿಜ್ಜಿನ ನೆತ್ತಿಯ ಮೇಲೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡದಿರುವುದಂತೂ ನಮ್ಮ ಕೈಯಲ್ಲಿದೆ.

ಇನ್ನೊಂದು ಮಾತು. ಇಂದಿನ ಅನೇಕ ಫೋನುಗಳ ಬ್ಯಾಟರಿ 5000 ಮಿಲಿ ಆಂಪಿಯರ್ ಅವರ್ ಇದ್ದರೆ, ಗಡಿಯಾರಗಳದು ಸಾಮಾನ್ಯವಾಗಿ 200ರಿಂದ 600. ಕೊಡದ ಮುಂದೆ ಚಂಬಿದ್ದಂತೆ. ಚಂಬಿನಿಂದ ಒಂದು ಸೌಟು ತೆಗೆದರೂ ಕಾಣುತ್ತದೆ. ಮುಖ ಸದಾ ಬೆಳಗುತ್ತಿರುವುದು, ದಾರಿ ಅಳೆಯುವ ಜಿ.ಪಿ.ಎಸ್., ನಾಡಿ ನೋಡಲು ಬೆನ್ನಿನಲ್ಲಿ ಮಿನುಗುವ ಹಸಿರು ದೀಪ, ಇವೆಲ್ಲ ಆ ಸೌಟುಗಳೇ. ನನ್ನ ಕೈಯ ಹಸಿರು ದೀಪವನ್ನು ಕಂಡು ಎಂಟನೆಯ ತರಗತಿಯ ಹುಡುಗನೊಬ್ಬ, "ಸಾರ್, ನಿಮ್ಮ ಕೈಯೊಳಗೆ ಮಿಣುಕುಹುಳ ಇದೆ" ಎಂದಿದ್ದ. ಅಕ್ಕನ ಗಡಿಯಾರದಲ್ಲಿ ಸದಾ ಬೆಳಗುವ ಮುಖವನ್ನು ಆರಿಸಿದೆವು. ವಾಟ್ಸಾಪಿನ ಸುಪ್ರಭಾತದ ಸಂದೇಶಗಳು ಬಂದಾಗಲೆಲ್ಲ ನಡುಗುವುದನ್ನು ನಿಲ್ಲಿಸಿದೆವು. ಬಿದ್ದರೆ ತಿಳಿಸುವ ಏರ್ಪಾಟನ್ನು ಮಾತ್ರ ಮುಟ್ಟಲಿಲ್ಲ. ಅದರಿಂದಲೇ ಎರಡು ಮೂರು ಗಂಟೆ ಹೆಚ್ಚಿಗೆ ಬಂದಿತು. ಬೆನ್ನಿಗೆ ಅಂಟಿದ ಬೆವರು, ಸೋಪುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆಯೇ ಚಾರ್ಜಿಗೆ ಇಡಬೇಕೆಂದೂ ಹೇಳಿಕೊಟ್ಟೆ. ಲೋಹದ ಚುಕ್ಕೆಗಳಿರುವ ಗಡಿಯಾರದಲ್ಲಿ ಬೆವರಿನ ಉಪ್ಪು ಅವುಗಳನ್ನು ತಿಂದುಹಾಕುತ್ತದೆ.

ಆದರೂ ಎರಡು ವರ್ಷ ಕಟ್ಟಿದ ಹಕ್ಕಳೆಯನ್ನು ಯಾರೂ ಕೆರೆದು ತೆಗೆಯಲಾರರು. ಕಡೆಗೆ ಕಂಪನಿಯ ಸೇವಾಕೇಂದ್ರಕ್ಕೆ ಕಳುಹಿಸಿ ಬ್ಯಾಟರಿಯನ್ನೇ ಬದಲಿಸಿದೆವು. ಹೊಸ ಗಡಿಯಾರದ ಬೆಲೆಯ ಒಂದು ಪಾಲಿನಲ್ಲಿ ಕೆಲಸ ಮುಗಿಯಿತು. ಬೀದಿಯಲ್ಲಿ ಬಿಚ್ಚಿಸಿದರೆ ನೀರು ಹೋಗದಂತೆ ಹಾಕಿರುವ ಅಂಟು ಕಿತ್ತುಹೋಗುವುದರಿಂದ ಅದಕ್ಕೆ ಕೈಹಾಕಲಿಲ್ಲ. ಗಡಿಯಾರದ ಗಾಜು ಮೇಲೆದ್ದಂತೆ ಕಂಡರೆ ಬ್ಯಾಟರಿ ಊದಿದೆಯೆಂದು ತಿಳಿದು, ಆ ಕ್ಷಣವೇ ಬಿಚ್ಚಿಟ್ಟು, ಮತ್ತೆ ಚಾರ್ಜು ಮಾಡದೆ ತೋರಿಸಬೇಕು. ಒತ್ತಿ ಕೂರಿಸಲು ಹೋಗಬಾರದು. ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ನಿಯಮಗಳ ಪ್ರಕಾರ ಅದನ್ನು ಸಂಗ್ರಹಿಸುವ ಹೊಣೆ ತಯಾರಕರದು.

ಇನ್ನು ಉಳಿದದ್ದು ಹೊತ್ತಿನ ಪ್ರಶ್ನೆ. ಅಕ್ಕ ಮತ್ತು ನಾನು ಕುಳಿತು ಅವಳ ದಿನವನ್ನೆಲ್ಲ ಲೆಕ್ಕಹಾಕಿದೆವು. ಬೀಳುವ ಭಯವಿರುವುದು ಬಚ್ಚಲಿನಲ್ಲಿ, ರಾತ್ರಿ ಏಳುವಾಗ, ಹಿತ್ತಿಲ ಮೆಟ್ಟಿಲಿನಲ್ಲಿ. ಆ ಹೊತ್ತುಗಳಲ್ಲಿ ಗಡಿಯಾರ ಕೈಯಲ್ಲಿರಲೇಬೇಕು. ನೀರು ತಡೆಯುವ ಗಡಿಯಾರವಾದ್ದರಿಂದ ಸ್ನಾನಕ್ಕೂ ಬಿಚ್ಚಬೇಕಾಗಿಲ್ಲ. ಅವಳು ಕದಲದೆ ಒಂದೆಡೆ ಕೂಡುವ ಹೊತ್ತು ಯಾವುದು?

"ಸಂಜೆ ಏಳರಿಂದ ಎಂಟು ಕಣೋ. ಧಾರಾವಾಹಿ ಬರೋ ಹೊತ್ತು. ಆಗ ಮನೆಗೆ ಬೆಂಕಿ ಬಿದ್ದರೂ ನಾನು ಏಳೋಳಲ್ಲ" ಎಂದಳು.

ಆ ಒಂದು ಗಂಟೆ ಈಗ ಗಡಿಯಾರದ ಊಟದ ಹೊತ್ತು. ಬಿಲ್ಲೆಯನ್ನು ಕಿಟಕಿಯಿಂದ ತೆಗೆದು ಅವಳ ಕುರ್ಚಿಯ ಪಕ್ಕದ ಮಣೆಯ ಮೇಲಿಟ್ಟು ಬಂದೆ. ಮೊನ್ನೆ ಏಳೂಕಾಲಕ್ಕೆ ಮರೆತು ಫೋನು ಮಾಡಿದಾಗ, "ಈಗ ನಾವಿಬ್ಬರೂ ಬಿಡುವಾಗಿಲ್ಲ, ಎಂಟಕ್ಕೆ ಮಾಡು" ಎಂದು ಇಟ್ಟುಬಿಟ್ಟಳು.