ಕಿತ್ತಳೆಯ ಹಿಪ್ಪೆಯೂ ನೀರಿನ ವಿಷವೂ



ನಾವಿಂದು ಸೇರಿರುವ ಈ ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿನ್‌ಜು ಎಂಬ ನದಿಯಿದೆ. ಕಮಿಯೋಕಾ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಆ ನದಿಯಿಂದ ಗದ್ದೆಗೂ, ಗದ್ದೆಯಿಂದ ಅನ್ನಕ್ಕೂ ಸೇರಿತು. ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ ಮುರಿದು, ರೋಗಿಗಳು ‘ಇತಾಯ್, ಇತಾಯ್’, ಎಂದರೆ ‘ನೋವು, ನೋವು’ ಎಂದು ನರಳಿದರು. ಆ ನರಳಿಕೆಯೇ ರೋಗದ ಹೆಸರಾಯಿತು. 1968ರಲ್ಲಿ ಸರ್ಕಾರವು ಅದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿಕೊಂಡಿತು. ಮೂತ್ರಪಿಂಡದಲ್ಲಿ ನೆಲೆಸಿದ ಕ್ಯಾಡ್ಮಿಯಂ ದಶಕಗಳ ಕಾಲ ಉಳಿಯುವುದು. ಅದನ್ನು ಹೊರತೆಗೆಯಲು ವೈದ್ಯರಾದ ನಮ್ಮಲ್ಲಿ ತಕ್ಕ ಔಷಧವಿಲ್ಲ. ಆದುದರಿಂದ ಚಿಕಿತ್ಸೆ ನೀರಿಗೇ ಆಗಬೇಕು.

ಇದಕ್ಕೊಂದು ದಾರಿಯನ್ನು ಸಾಗಾ ವಿಶ್ವವಿದ್ಯಾನಿಲಯದ ಕತ್ಸುತೋಶಿ ಇನೌಯೆ ಮತ್ತು ಸಂಗಡಿಗರು ತೋರಿದ್ದಾರೆ. ರಸ ಹಿಂಡಿ ಉಳಿದ ಕಿತ್ತಳೆಯ ಹಿಪ್ಪೆಯನ್ನು ಅವರು ಸುಣ್ಣದೊಡನೆ ಸಂಸ್ಕರಿಸಿದರು. ಜಾಮನ್ನು ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ವಸ್ತು ಹಿಪ್ಪೆಯಲ್ಲಿದೆ. ಅದು ಸುಣ್ಣದ ಕ್ಯಾಲ್ಸಿಯಂ ಬಿಟ್ಟುಕೊಟ್ಟು ಸೀಸ, ಕ್ಯಾಡ್ಮಿಯಂಗಳನ್ನು ಹಿಡಿದುಕೊಳ್ಳುತ್ತದೆ. ಜಿರ್ಕೋನಿಯಂ ಸೇರಿಸಿದರೆ ಆರ್ಸೆನಿಕ್ ಸಹ ಸಿಕ್ಕಿಬೀಳುತ್ತದೆ. ನಮ್ಮ ರಾಯಚೂರು, ಯಾದಗಿರಿ ಸೀಮೆಯ ಕೆಲವು ಕೊಳವೆಬಾವಿಗಳಲ್ಲಿ ಕಂಡುಬಂದಿರುವ ವಿಷವೂ ಅದೇ.

ಆದರೆ ಮನೆಯ ಕೊಡಕ್ಕೆ ಸಿಪ್ಪೆ ಹಾಕಿದರೆ ನೀರು ಶುದ್ಧವಾಗದು. ಹಿಡಿದ ವಿಷವು ಹಿಪ್ಪೆಯಲ್ಲಿಯೇ ಇರುತ್ತದೆ. ಅದನ್ನು ತಿಪ್ಪೆಗೆ ಎಸೆದರೆ ಮತ್ತೆ ಗದ್ದೆಯನ್ನೇ ಸೇರುವುದು. ಗಣಿಯ ಬಾಗಿಲಲ್ಲಿಯೇ ವಿಷವನ್ನು ತಡೆಯುವುದು ಮೊದಲ ಮದ್ದು, ಹಿಪ್ಪೆ ಎರಡನೆಯದು.