ಆಂಕಾ ಏರಿದರೆ ಔಷಧಿ ಏರಿಸಬೇಕೆ?



ವ್ಯಾಸ್ಕುಲೈಟಿಸ್ ಎಂದರೆ ರಕ್ತನಾಳಗಳ ಗೋಡೆಯ ಉರಿಯೂತ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದಾಗ ಮೂಗು, ಶ್ವಾಸಕೋಶ, ಮೂತ್ರಪಿಂಡ, ನರ ಯಾವುದೂ ಉಳಿಯುವುದಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಮನೆಯವರು ಪ್ರತಿ ಸಲವೂ ಕೇಳುವುದು ಇಷ್ಟೇ: ‘ರಿಪೋರ್ಟ್ ಏನು ಹೇಳುತ್ತೆ ಡಾಕ್ಟ್ರೇ, ಕಾಯಿಲೆ ಹತೋಟಿಗೆ ಬಂತಾ?’ ರಿಪೋರ್ಟ್ ಹೇಳುವುದಕ್ಕೂ ಕಾಯಿಲೆ ಇರುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕೆಂಪುಕಣಗಳು ತಳಕ್ಕಿಳಿಯುವ ವೇಗ ಅಳೆಯುವ ಹಳೆಯ ಇ.ಎಸ್.ಆರ್. ಪರೀಕ್ಷೆಯಿಂದಲೇ ತೊಡಗೋಣ. ಸಿಟ್ರೇಟ್ ಬೆರೆಸಿದ ರಕ್ತವನ್ನು 200 ಮಿ.ಮೀ. ಗುರುತಿನ ಸಪೂರ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆ ಬಿಟ್ಟು, ಮೇಲೆ ಎಷ್ಟು ತಿಳಿ ಉಳಿಯಿತೆಂದು ನೋಡುತ್ತಾರೆ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಹೆಚ್ಚುತ್ತದೆ; ಕೆಂಪುಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ತಳ ಸೇರುತ್ತವೆ. ಆದರೆ ರಕ್ತಹೀನತೆಯಲ್ಲೂ ಅವು ಬೇಗ ಇಳಿಯುತ್ತವೆ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ರಕ್ತಹೀನತೆ ಇದೆಯೆಂದು ನಿಮಗೆ ಗೊತ್ತಿದೆ. ಇ.ಎಸ್.ಆರ್. 60 ಬಂತೆಂದ ಮಾತ್ರಕ್ಕೆ ಸ್ಟೀರಾಯ್ಡ್ ಏರಿಸುವವರು ಮೊದಲು ಹಿಮೋಗ್ಲೋಬಿನ್ ನೋಡಬೇಕು.

ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿ.ಆರ್.ಪಿ. ಎಂಬ ಪ್ರೋಟೀನು ಇದಕ್ಕಿಂತ ಚುರುಕು. 1930ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಹುಟ್ಟಿನಿಂದಲೇ ಸೋಂಕಿನ ನಂಟು. ಕೆಲವೇ ಗಂಟೆಗಳಲ್ಲಿ ಏರುತ್ತದೆ, ಕಾರಣ ತೀರಿದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೊಫಾಸ್ಫಮೈಡ್ ಔಷಧಿ ಪಡೆಯುತ್ತಿರುವವರು ಜ್ವರದಿಂದ ಬಂದು, ಸಿ.ಆರ್.ಪಿ. ಗಗನಕ್ಕೇರಿದ್ದರೆ ಅದು ರೋಗ ಮರುಕಳಿಸಿದ್ದೋ, ಸೋಂಕೋ? ಒಂದಕ್ಕೆ ನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು, ಇನ್ನೊಂದಕ್ಕೆ ತಗ್ಗಿಸಿದರೆ ಜೀವಕ್ಕೇ ಅಪಾಯ. ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ರಕ್ತಪರೀಕ್ಷೆ ಬ್ಯಾಕ್ಟೀರಿಯಾ ಸೋಂಕಿನ ಕಡೆಗೆ ಸ್ವಲ್ಪ ಬೆರಳು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ. ಟೊಸಿಲಿಜುಮ್ಯಾಬ್ ಎಂಬ ಔಷಧಿ ಉರಿಯೂತದ ಸಂದೇಶವಾಹಕವಾದ ಇಂಟರ್‌ಲ್ಯೂಕಿನ್-6ರ ಸಂದೇಶವನ್ನೇ ತಡೆಯುತ್ತದೆ. ಆ ಸಂದೇಶವಿಲ್ಲದೆ ಯಕೃತ್ತು ಸಿ.ಆರ್.ಪಿ. ತಯಾರಿಸದು. ರಕ್ತನಾಳ ಉರಿಯುತ್ತಿದ್ದರೂ ರಿಪೋರ್ಟ್ ಶುಭ್ರವಾಗಿರಬಹುದು.

ಇನ್ನು ಆಂಕಾ. ನಮ್ಮದೇ ನ್ಯೂಟ್ರೋಫಿಲ್ ಕಣಗಳ ಒಳಗಿನ ಪಿಆರ್3 ಅಥವಾ ಎಂಪಿಒ ಎಂಬ ಪ್ರೋಟೀನಿನ ವಿರುದ್ಧ ಹುಟ್ಟುವ ಪ್ರತಿಕಾಯಗಳಿವು. 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಮೊದಲು ವರದಿ ಮಾಡಿದರು. 1985ರಲ್ಲಿ, ಆಗ ವೆಗೆನರ್ಸ್ ಎನ್ನುತ್ತಿದ್ದ ವ್ಯಾಸ್ಕುಲೈಟಿಸ್ ಕಾಯಿಲೆಯೊಂದಿಗೆ ಇವುಗಳ ನಂಟು ಗಟ್ಟಿಯಾಯಿತು. ನಮ್ಮಲ್ಲಿ ಶ್ವಾಸಕೋಶದ ಕುಳಿ ಕಂಡ ಕೂಡಲೇ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ ಎಷ್ಟೋ ಜನರಿಗೆ ಸರಿಯಾದ ರೋಗನಿರ್ಣಯ ಸಿಕ್ಕಿದ್ದು ಈ ಪರೀಕ್ಷೆಯಿಂದ. ಇದರ ಉಪಕಾರ ದೊಡ್ಡದು.

ಆದರೆ ಯಾವ ರೋಗ ಎಂದು ಹೇಳುವುದು ಬೇರೆ, ಇವತ್ತು ಅದು ಎಷ್ಟು ಸಕ್ರಿಯವಾಗಿದೆ ಎಂದು ಹೇಳುವುದು ಬೇರೆ. ಆಂಕಾ ಏರಿಯೂ ವರ್ಷಗಟ್ಟಲೆ ನೆಮ್ಮದಿಯಾಗಿರುವವರಿದ್ದಾರೆ; ಏರದೆಯೇ ರೋಗ ಮರುಕಳಿಸಿದವರೂ ಇದ್ದಾರೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರಲ್ಲಿ ಏರಿಕೆಗೆ ಹೆಚ್ಚು ಅರ್ಥವಿದೆ, ಅವರನ್ನು ಬೇಗ ಬೇಗ ಕರೆಸಿ ನೋಡಬೇಕು. ಅಷ್ಟರಿಂದಲೇ ಔಷಧಿ ಏರಿಸಬಾರದೆಂದು 2021ರ ಅಮೆರಿಕದ ರುಮಟಾಲಜಿ ಮಾರ್ಗಸೂಚಿಯೂ ಹೇಳುತ್ತದೆ. ನನ್ನ ನಿಲುವೂ ಅದೇ.

ಹಾಗಾದರೆ ಏನನ್ನು ನಂಬುವುದು? ಮೂತ್ರವನ್ನು. ಆಗತಾನೆ ಕೊಟ್ಟ ಮೂತ್ರವನ್ನು ಯಂತ್ರದಲ್ಲಿ ತಿರುಗಿಸಿ, ತಳದ ಗಷ್ಟಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಡಿ. ಮೂತ್ರಪಿಂಡದ ಶೋಧಕಗಳ ಗೋಡೆ ಹರಿದಿದ್ದರೆ ಅಲ್ಲಿಂದ ನುಸುಳಿ ಬಂದ ಕೆಂಪುಕಣಗಳು ಮುರುಟಿ, ಅಂಚಿನಲ್ಲಿ ಗುಬುಟುಗಳೆದ್ದು ಕಾಣುತ್ತವೆ. ಕೆಲವೊಮ್ಮೆ ಮೂತ್ರನಾಳಿಕೆಯ ಅಚ್ಚಿನಲ್ಲೇ ಎರಕಗೊಂಡು ಕಿತ್ತಳೆಗಂದು ಬಣ್ಣದ ತುಣುಕುಗಳಾಗಿ ಬರುತ್ತವೆ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರುವ ಹೊತ್ತಿಗೆ ಮೂತ್ರಪಿಂಡದ ಶಕ್ತಿ ಸುಮಾರು ಅರ್ಧ ಹೋಗಿರಬಹುದು. ಈ ಹನಿ ಅದಕ್ಕೂ ಮೊದಲೇ ಎಚ್ಚರಿಸುತ್ತದೆ. ಅದನ್ನು ನೋಡಲು ಪುರುಸೊತ್ತಿಲ್ಲವೆನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮಹಾಧಮನಿಯನ್ನೂ ಅದರ ಕವಲುಗಳನ್ನೂ ಹಿಡಿಯುವ ಟಕಯಾಸು ಕಾಯಿಲೆಯಲ್ಲಿ ರಕ್ತಪರೀಕ್ಷೆಯ ಮಿತಿ ಇನ್ನೂ ಸ್ಪಷ್ಟ. ಇದು ಹೆಚ್ಚಾಗಿ ಏಷ್ಯಾದ ಎಳೆಯ ಹೆಣ್ಣುಮಕ್ಕಳ ಕಾಯಿಲೆ, ನಮ್ಮಲ್ಲಿ ಅಪರೂಪವಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗ ಶಮನವಾಗಿದೆ ಎಂದುಕೊಂಡಿದ್ದವರಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರಕ್ತನಾಳದ ತುಣುಕುಗಳ ಪೈಕಿ ಶೇ. 44ರಲ್ಲಿ ಉರಿಯೂತ ಇನ್ನೂ ಇತ್ತು. ಇದನ್ನೆಲ್ಲ ಮನಗಂಡೇ ಭಾರತದ ತಜ್ಞರು ಸೇರಿ ಐಟ್ಯಾಸ್-2010 ಎಂಬ ಅಂಕಪಟ್ಟಿ ರೂಪಿಸಿದರು. ಅದರ 44 ಅಂಶಗಳಲ್ಲಿ 33 ಹೃದಯ ಮತ್ತು ರಕ್ತನಾಳಗಳಿಗೆ ಸೇರಿದವು: ಯಾವ ನಾಡಿ ಸಿಗುತ್ತಿಲ್ಲ, ಎಲ್ಲಿ ಸದ್ದು ಕೇಳುತ್ತಿದೆ, ಎರಡು ಬದಿಯ ನಾಡಿಗಳಲ್ಲಿ ವ್ಯತ್ಯಾಸವಿದೆಯೇ. ಅದೂ ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಕಂಡಿದ್ದರೆ ಅಥವಾ ಹೆಚ್ಚಾಗಿದ್ದರೆ ಮಾತ್ರ ಅಂಕ. ಇ.ಎಸ್.ಆರ್. ಅಥವಾ ಸಿ.ಆರ್.ಪಿ.ಗೆ ಬೇರೆ ಅಂಕ ಸೇರಿಸುವ ಇನ್ನೊಂದು ರೂಪವೂ ಇದೆ. ಅದರಲ್ಲೂ ರಕ್ತಕ್ಕೆ ಸಿಗುವುದು ಹೆಚ್ಚೆಂದರೆ ಮೂರು ಅಂಕ.