ಹೆರಿಗೆ ಕೋಣೆಯಲ್ಲೇ ಬೆಳೆಯುವ ಹಕ್ಕು



ಸೂಲಗಿತ್ತಿಯರು, ಶುಶ್ರೂಷಕಿಯರು, ನರ್ಸಿಂಗ್ ಶಾಲೆಗಳ ಮಕ್ಕಳು ಸೇರಿರುವ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ಸಭೆಯಲ್ಲಿ ಅನೇಕರಿದ್ದೀರಿ. ಆದ್ದರಿಂದ ಉಪಚಾರದ ಮಾತು ಬಿಟ್ಟು ವಿಷಯಕ್ಕೆ ಬರುತ್ತೇನೆ.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಈ ವಿದ್ಯೆಯನ್ನು ತಮ್ಮ ಅಜ್ಜಿಯಿಂದ ಕಲಿತವರು. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಹೊರಡಿಸಿದ್ದೂ ಅದೇ ತಿಂಗಳು. ಆ ತಾಯಿಗೆ ಕೈಮುಗಿಯುತ್ತಲೇ ಒಂದು ಮಾತು ಹೇಳಬೇಕು. ಅವರ ತ್ಯಾಗವನ್ನು ಮುಂದೆ ಮಾಡಿ, ಇಂದಿನ ಸೂಲಗಿತ್ತಿಗೆ ಸಂಬಳ, ಬಡ್ತಿ, ಓದು ಯಾವುದೂ ಬೇಡ ಎಂಬಂತೆ ನಡೆದುಕೊಳ್ಳುವುದು ಅನ್ಯಾಯ. ನಮ್ಮದು ಸೇವೆ ಹೌದು, ಜೊತೆಗೆ ವೃತ್ತಿಯೂ ಹೌದು.

ಈ ವೃತ್ತಿಗೆ ದಾರಿ ಯಾವುದು ಎಂದು ಹುಡುಗಿಯರು ಕೇಳುತ್ತಿರುತ್ತಾರೆ. ಜಿಎನ್‌ಎಂ ಅಥವಾ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ರಾಜ್ಯ ಪರಿಷತ್ತಿನಲ್ಲಿ ನೋಂದಣಿಯಾಗಿ, ಹೆರಿಗೆ ಮಾಡಿಸಿದ ಅನುಭವ ಇದ್ದವರಿಗೆ 18 ತಿಂಗಳ ನರ್ಸ್ ಪ್ರಾಕ್ಟಿಷನರ್ ಮಿಡ್‌ವೈಫ್ ತರಬೇತಿ ಇದೆ. ನರ್ಸಿಂಗ್ ಓದಿದವರಿಗೆ ಕನಿಷ್ಠ ಇಷ್ಟು ಅವಧಿಯ ಕಲಿಕೆ ಬೇಕು ಎಂದು ಸೂಲಗಿತ್ತಿಯರ ಅಂತರರಾಷ್ಟ್ರೀಯ ಒಕ್ಕೂಟವೂ ಹೇಳಿದೆ. ಇನ್ನು ಎಎನ್‌ಎಂ ಓದಿ ಉಪಕೇಂದ್ರಗಳಲ್ಲಿ ದುಡಿಯುವ ಅಕ್ಕಂದಿರು ಗರ್ಭಿಣಿಯ ತಾಯಿ ಕಾರ್ಡ್ ಬರೆಯುವುದರಿಂದ ಹಿಡಿದು ಬಾಣಂತಿಯ ಮನೆಗೆ ಹೋಗಿ ನೋಡಿಬರುವವರೆಗೆ ಎಲ್ಲವನ್ನೂ ಹೊತ್ತವರು. ಅವರಿಲ್ಲದೆ ಈ ವ್ಯವಸ್ಥೆ ಒಂದು ದಿನವೂ ನಡೆಯದು.

ಆದರೆ ಸರ್ಟಿಫಿಕೇಟು ಬರೀ ಬಾಗಿಲು. ಒಳಗೆ ಕಲಿಯುವುದು ಕಾಯುವುದನ್ನು. ಹೆರಿಗೆ ನೋವು ಬಲಿತ ಮೇಲೆ ಗಂಟೆಗೊಂದು ಸೆಂಟಿಮೀಟರ್ ಗರ್ಭಕಂಠ ತೆರೆಯಲೇಬೇಕು ಎಂದು ನಮಗೆಲ್ಲ ಪಾಠವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಆ ಲೆಕ್ಕವನ್ನು ಕೈಬಿಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಹೆರಿಗೆ ನಿಧಾನವಾದದ್ದೊಂದೇ ಕಾರಣಕ್ಕೆ ಕೈಹಾಕಬಾರದು ಎಂದಿತು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮಗುವಿನ ಎದೆಬಡಿತ ಕೇಳುತ್ತಿರಬೇಕು, ನೋವಿನ ಅಂತರ ಎಣಿಸುತ್ತಿರಬೇಕು, ಹೆದರಿದ ಚೊಚ್ಚಲ ಬಸುರಿಗೆ ಸೊಂಟ ನೀವಬೇಕು, ಎದ್ದು ಓಡಾಡಿಸಬೇಕು, ಒಂದು ಗುಟುಕು ನೀರು ಕುಡಿಸಬೇಕು. ‘ಈಗಲೇ ಮುಕ್ಕಬೇಡಮ್ಮ, ಉಸಿರು ಬಿಡು’ ಎಂದು ಯಾವಾಗ ಹೇಳಬೇಕೋ ಆಗ ಹೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಇದು ನನ್ನ ಕೈಯಳತೆ ಮೀರುತ್ತಿದೆ, ಡಾಕ್ಟರನ್ನು ಕರೆಯಬೇಕು ಎಂಬ ಗಳಿಗೆಯನ್ನು ಗುರುತಿಸಬೇಕು.

ಹೆರಿಗೆ ಆದ ಮೇಲಿನ ಹೊತ್ತು ಇನ್ನೂ ಸೂಕ್ಷ್ಮ. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟು, ಮಾಸು ಪೂರ್ತಿ ಬಂದಿದೆಯೇ ಎಂದು ಬಿಡಿಸಿ ನೋಡಿ, ಗರ್ಭಕೋಶ ಗಟ್ಟಿಯಾಯಿತೇ ಎಂದು ಹೊಟ್ಟೆ ಮುಟ್ಟಿ ತಿಳಿಯಬೇಕು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೇವೆ. ಕೀನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ರಕ್ತ ಅಳೆದರು. ಮಿತಿ ಮುಟ್ಟಿದೊಡನೆ ಗರ್ಭಕೋಶ ನೀವುವುದು, ಔಷಧ, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರು. ತೀವ್ರ ರಕ್ತಸ್ರಾವವೇ ಮೊದಲಾದ ಅಪಾಯಗಳು ಶೇ. 60ರಷ್ಟು ಇಳಿದವು. ಹೊಸ ಔಷಧ ಯಾವುದೂ ಇರಲಿಲ್ಲ. ಪಕ್ಕದಲ್ಲಿದ್ದವರು ಸಮಯಕ್ಕೆ ಕಂಡರು, ಸಮಯಕ್ಕೆ ಕೈಹಾಕಿದರು. ಇದನ್ನು ಓದಿದಾಗ ನನಗೆ ನಿಮ್ಮೆಲ್ಲರ ಮುಖ ನೆನಪಾಯಿತು.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ದೊಡ್ಡ ಗೆಲುವು ಅದು. ಮನೆಮನೆ ಅಲೆದ ಆಶಾ ಕಾರ್ಯಕರ್ತೆಯರ ಪಾಲು ಅದರಲ್ಲಿ ದೊಡ್ಡದು. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ಶೇ. 31.5, ಇಡೀ ದೇಶದ್ದು ಶೇ. 21.5. ಸಿಸೇರಿಯನ್ ಪ್ರಾಣ ಉಳಿಸುತ್ತದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಮೂವರು ತಾಯಂದಿರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೊಟ್ಟೆ ಕೊಯ್ಯಬೇಕಾಗಿ ಬರುತ್ತಿದ್ದರೆ, ಪಕ್ಕದಲ್ಲಿ ಕೂತು ಕಾಯಬಲ್ಲವರು ಎಷ್ಟು ಮಂದಿ ಇದ್ದಾರೆ ಎಂದು ಕೇಳಲೇಬೇಕು.

ಇದ್ದವರನ್ನೂ ನಾವು ಉಳಿಸಿಕೊಳ್ಳುತ್ತಿಲ್ಲ. ಹೆರಿಗೆ ಕೋಣೆಯಲ್ಲಿ ಕೈ ಪಳಗಿದ ಸಿಸ್ಟರನ್ನು ಮುಂದಿನ ಡ್ಯೂಟಿ ಪಟ್ಟಿಯಲ್ಲಿ ಕಣ್ಣಿನ ವಾರ್ಡಿಗೋ ಆಪರೇಷನ್ ಥಿಯೇಟರಿಗೋ ಹಾಕುತ್ತಾರೆ. ಆಕೆಯ ಜಾಗಕ್ಕೆ ಬಂದವಳು ಮೊದಲಿನಿಂದ ಕಲಿಯಬೇಕು, ಅದೂ ಹೆರುವ ಹೆಂಗಸಿನ ಮೈಮೇಲೆ. ಬಡ್ತಿ ಬೇಕೆಂದರೆ ಹೆರಿಗೆ ಕೋಣೆ ಬಿಟ್ಟು ಮೇಜಿನ ಕೆಲಸಕ್ಕೆ ಹೋಗಬೇಕು. ಎಲ್ಲ ಕಡೆ ಹೀಗಿಲ್ಲ. ಇಂಗ್ಲೆಂಡಿನಲ್ಲಿ ಸೂಲಗಿತ್ತಿಯರಿಗೆಂದೇ 1902ರಲ್ಲಿ ಕಾಯ್ದೆ ಬಂತು. ಇಂದಿಗೂ ಅಲ್ಲಿ ಸೂಲಗಿತ್ತಿಯ ನೋಂದಣಿ ನರ್ಸಿನ ನೋಂದಣಿಯಿಂದ ಬೇರೆ. ನಮ್ಮಲ್ಲಿ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯ ಹೆಸರಿನಲ್ಲಿ ನಾವಿದ್ದೇವೆ. ಹುದ್ದೆಗಳ ಪಟ್ಟಿಯಲ್ಲೂ ಇರಬೇಕು.

ವಿದ್ಯಾರ್ಥಿನಿಯರಿಗೆ ಒಂದು ಕೋರಿಕೆ. ಹೆರಿಗೆ ಸಾಗುವ ಬಗೆಯನ್ನು ಗೆರೆಯಲ್ಲಿ ಗುರುತಿಸುವ ಪಾರ್ಟೋಗ್ರಾಫನ್ನು ಹೆರಿಗೆಯಾದ ಮೇಲೆ ಕೂತು ತುಂಬಬೇಡಿ. ಹೆರಿಗೆ ನಡೆಯುತ್ತಿರುವಾಗಲೇ ಬರೆಯಿರಿ. ಆ ಗೆರೆ ಬಾಗುವುದನ್ನು ನೋಡುತ್ತ ನೋಡುತ್ತಲೇ ನಿಮಗೆ ಈ ವಿದ್ಯೆ ಒಲಿಯುತ್ತದೆ. ಡಾಕ್ಟರನ್ನು ಕರೆಯಲು ಸಂಕೋಚ ಬೇಡ, ಕರೆದಾಗ ನಿಮ್ಮ ಅಭಿಪ್ರಾಯವನ್ನು ಹೇಳಲೂ ಸಂಕೋಚ ಬೇಡ.

ಮಧ್ಯಾಹ್ನದ ಗೋಷ್ಠಿಯಲ್ಲಿ ಸರ್ಕಾರಕ್ಕೆ ಕಳಿಸುವ ನಿರ್ಣಯವೊಂದು ನಿಮ್ಮ ಮುಂದೆ ಬರಲಿದೆ: 18 ತಿಂಗಳ ತರಬೇತಿ ಪಡೆದವರನ್ನು ಹೆರಿಗೆ ಕೋಣೆಯಿಂದ ಬೇರೆಡೆಗೆ ಹಾಕಬಾರದು, ಅಲ್ಲಿದ್ದುಕೊಂಡೇ ಬೋಧಕಿಯ ಹುದ್ದೆಯವರೆಗೆ ಏರುವ ಬಡ್ತಿಯ ಮೆಟ್ಟಿಲು ಅವರಿಗೆ ಇರಬೇಕು. ಪ್ರತಿಗಳು ನೋಂದಣಿ ಮೇಜಿನ ಮೇಲಿವೆ. ಊಟಕ್ಕೆ ಏಳುವ ಮೊದಲು ಓದಿ. ತಿದ್ದುಪಡಿ ಇದ್ದರೆ ಗೋಷ್ಠಿಯಲ್ಲಿ ಹೇಳಿ. ನನ್ನ ಸಹಿ ಹಾಕಿದ್ದೇನೆ.